ಇವತ್ತಿನ ಮ್ಯಾಚ್ ಯಾವುದ್ರಲ್ಲಿ ಬರುತ್ತೆ? ಇಷ್ಟು ಸಣ್ಣ ಪ್ರಶ್ನೆ ಇಷ್ಟು ಕಷ್ಟ ಆಗಿದ್ದು ಹೇಗೆ

ಭಾರತದ ಮ್ಯಾಚ್ ಇರುವ ದಿನ ಸಂಜೆ ತುಮಕೂರಿನ ಗುಬ್ಬಿ ಗೇಟ್ ಹತ್ತಿರದ ಟೀ ಅಂಗಡಿಯಲ್ಲೋ, ಶಿರಾ ಗೇಟ್ ಕಡೆಯ ಕಟಿಂಗ್ ಶಾಪಿನಲ್ಲೋ ಹತ್ತು ನಿಮಿಷ ನಿಂತರೆ ಒಂದು ಪ್ರಶ್ನೆ ಕಿವಿಗೆ ಬಿದ್ದೇ ಬೀಳುತ್ತದೆ. "ಇವತ್ತು ಯಾವುದ್ರಲ್ಲಿ ಬರುತ್ತೆ?" ಮೊದಲೆಲ್ಲ ಇದೇ ಜಾಗದಲ್ಲಿ ಕೇಳುತ್ತಿದ್ದದ್ದು "ಸ್ಕೋರ್ ಎಷ್ಟಾಯ್ತು?" ಅಂತ.

ಕೇಳುವವರು ಹೊಸಬರಲ್ಲ. ಜಿ.ಆರ್. ವಿಶ್ವನಾಥ್ ಹೊಡೆದ ಸ್ಕ್ವೇರ್ ಕಟ್ಟನ್ನು ರೇಡಿಯೋದಲ್ಲಿ ಕೇಳಿಯೇ ಕಣ್ಣಿಗೆ ಕಟ್ಟಿಕೊಂಡವರು. 1996ರ ಮಾರ್ಚ್‌ನಲ್ಲಿ ಚಿನ್ನಸ್ವಾಮಿಯಲ್ಲಿ ವೆಂಕಟೇಶ್ ಪ್ರಸಾದ್ ಪಾಕಿಸ್ತಾನದ ಆಮಿರ್ ಸೊಹೈಲ್ ಸ್ಟಂಪ್ ಎಗರಿಸಿದ್ದನ್ನು ಇವತ್ತಿಗೂ ಬಾಲ್ ಬಾಲ್ ಹೇಳಬಲ್ಲವರು. ಅಂಥವರಿಗೇ ಈಗ ಚಾನೆಲ್ ಗೊತ್ತಾಗುತ್ತಿಲ್ಲ. ಮನೆಯಲ್ಲಿ ಮಕ್ಕಳು "ನಿಮಗೆ ಫೋನ್ ಬರಲ್ಲ ಅಪ್ಪಾ" ಅಂತ ಹೇಳಿ ಸುಮ್ಮನಾಗುತ್ತಾರೆ. ಆದರೆ ತಪ್ಪು ಅವರದ್ದಲ್ಲ. ಈ ಗೊಂದಲದ ಹಿಂದೆ ಎರಡು ಕೋರ್ಟ್ ತೀರ್ಪು, ಒಂದು ಕಾನೂನು ಮತ್ತು ಸಾವಿರಾರು ಕೋಟಿಯ ಹರಾಜುಗಳಿವೆ. ಅದನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಗಲಿಬಿಲಿ ಮಾಡಿದ ಸುದ್ದಿ

2025ರ ಡಿಸೆಂಬರ್‌ನಲ್ಲಿ ಒಂದು ಸುದ್ದಿ ಹಬ್ಬಿತು. ವಿಶ್ವಕಪ್‌ನಂಥ ಐಸಿಸಿ ಟೂರ್ನಿಗಳ ಭಾರತದ ಪ್ರಸಾರ ಹಕ್ಕನ್ನು, ಸ್ಟಾರ್ ಚಾನೆಲು ಮತ್ತು ಜಿಯೋಹಾಟ್‌ಸ್ಟಾರ್ ಆ್ಯಪ್ ನಡೆಸುವ ಜಿಯೋಸ್ಟಾರ್ ಕಂಪನಿ ಬಿಟ್ಟುಕೊಡಲು ನೋಡುತ್ತಿದೆ, ನಷ್ಟ ತಡೆಯಲಾಗುತ್ತಿಲ್ಲ ಅಂತ. ಕೆಲವೇ ದಿನಕ್ಕೆ ಐಸಿಸಿ ಮತ್ತು ಜಿಯೋಸ್ಟಾರ್ ಇಬ್ಬರೂ ಸೇರಿ ಹೇಳಿಕೆ ಕೊಟ್ಟರು: ಒಪ್ಪಂದ ಹಾಗೇ ಇದೆ, ನಾವೇ ತೋರಿಸುತ್ತೇವೆ. ಸಾಮಾನ್ಯ ಪ್ರೇಕ್ಷಕನಿಗೆ ಇದು ಅರ್ಥವಾಗುವುದು ಕಷ್ಟ. ದೇಶದಲ್ಲಿ ಕ್ರಿಕೆಟ್ ನೋಡುವವರು ಕೋಟಿಗಟ್ಟಲೆ, ಆ್ಯಪ್‌ಗೆ ದುಡ್ಡು ಬೇರೆ ಕಟ್ಟುತ್ತಿದ್ದೇವೆ, ಆದರೂ ನಷ್ಟ ಅಂದರೆ ಏನು?

ಇನ್ನೊಂದು ಕಡೆ, ಅದೇ 2025ರಲ್ಲಿ ಒಬ್ಬ ಅಭಿಮಾನಿ ಭಾರತ ತಂಡವನ್ನು ಹಿಂಬಾಲಿಸಬೇಕಾದರೆ ಏನು ಮಾಡಬೇಕಿತ್ತು ನೋಡಿ. ಇಂಗ್ಲೆಂಡ್ ಪ್ರವಾಸ ಟಿವಿಯಲ್ಲಿ ಸೋನಿ, ಮೊಬೈಲಿನಲ್ಲಿ ಜಿಯೋಹಾಟ್‌ಸ್ಟಾರ್. ಏಷ್ಯಾ ಕಪ್ ಟಿವಿಯಲ್ಲಿ ಸೋನಿ, ಮೊಬೈಲಿನಲ್ಲೂ ಸೋನಿ ಲಿವ್. ಆಸ್ಟ್ರೇಲಿಯಾ ಪ್ರವಾಸ ಟಿವಿಯಲ್ಲಿ ಸ್ಟಾರ್, ಮೊಬೈಲಿನಲ್ಲಿ ಮತ್ತೆ ಜಿಯೋಹಾಟ್‌ಸ್ಟಾರ್. ತಂಡ ಒಂದೇ, ಆಡುವವರೂ ಹೆಚ್ಚುಕಡಿಮೆ ಅವರೇ. ಬಾಗಿಲು ಮಾತ್ರ ಪ್ರತಿ ಸಲ ಬೇರೆ.

ಮ್ಯಾಚ್ ಯಾರ ಸೊತ್ತು?

ಇದರ ಬೇರು 1993ರಲ್ಲಿದೆ. ಆ ವರ್ಷ ಬಂಗಾಳದ ಕ್ರಿಕೆಟ್ ಸಂಸ್ಥೆ ಹೀರೋ ಕಪ್ ನಡೆಸಿತು. ನಮ್ಮ ಕುಂಬ್ಳೆ ಈಡನ್ ಗಾರ್ಡನ್ಸ್‌ನ ಫೈನಲಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ 12 ರನ್ನಿಗೆ 6 ವಿಕೆಟ್ ಕಿತ್ತ ಟೂರ್ನಿ, ಎಲ್ಲರಿಗೂ ನೆನಪಿರುತ್ತೆ. ಆದರೆ ಆ ಟೂರ್ನಿಯ ಇನ್ನೊಂದು ಜಗಳ ಮೈದಾನದ ಹೊರಗೆ ನಡೆಯಿತು. ಅಲ್ಲಿಯವರೆಗೆ ನಮ್ಮ ನೆಲದ ಮ್ಯಾಚ್ ತೋರಿಸುತ್ತಿದ್ದದ್ದು ಹೆಚ್ಚಾಗಿ ದೂರದರ್ಶನವೇ. ನೇರ ಪ್ರಸಾರಕ್ಕೆ ದೂರದರ್ಶನವೇ ಸಂಸ್ಥೆಯಿಂದ ದುಡ್ಡು ಕೇಳಿತ್ತು. ಮ್ಯಾಚಿಗೆ 5 ಲಕ್ಷ. ಸಂಸ್ಥೆ ಅದನ್ನು ಬಿಟ್ಟು ವಿದೇಶಿ ಕಂಪನಿಯೊಂದಕ್ಕೆ ಹಕ್ಕು ಮಾರಿತು. ಸರ್ಕಾರ ಅಡ್ಡ ಬಂತು, ವಿಷಯ ಸುಪ್ರೀಂ ಕೋರ್ಟ್ ಮುಟ್ಟಿತು.

1995ರ ಫೆಬ್ರುವರಿಯಲ್ಲಿ ಬಂದ ತೀರ್ಪು ಹೇಳಿದ್ದು ಇಷ್ಟು: ಗಾಳಿಯಲ್ಲಿ ಹೋಗುವ ತರಂಗಗಳು ಸಾರ್ವಜನಿಕ ಆಸ್ತಿ, ಅದರ ಮೇಲೆ ಸರ್ಕಾರಕ್ಕೆ ಏಕಸ್ವಾಮ್ಯ ಇಲ್ಲ. ದೊಡ್ಡ ಮಾತು ಅದು, ಒಳ್ಳೆಯ ಮಾತೂ ಹೌದು. ಆದರೆ ಅದರ ಪರಿಣಾಮ ಎರಡು ಕಡೆ ಹರಿಯಿತು. ಕ್ರಿಕೆಟ್ ಸಂಸ್ಥೆಗಳಿಗೆ ತಮ್ಮ ಕೈಯಲ್ಲಿರುವ ಆಟ ಮಾರಾಟದ ಸರಕು ಅಂತ ಗೊತ್ತಾಯಿತು. ಎರಡೇ ವರ್ಷದ ಹಿಂದೆ ತೋರಿಸಲು ದುಡ್ಡು ಕೊಡಬೇಕಾಗಿದ್ದ ಆಟಕ್ಕೆ ಈಗ ದುಡ್ಡು ಕೊಟ್ಟು ಕೊಳ್ಳುವವರು ಸಾಲು ನಿಂತರು.

ಡಿಡಿಯಲ್ಲಿ ಇದೆ, ನಮ್ಮ ಕೇಬಲ್‌ನಲ್ಲಿ ಯಾಕಿಲ್ಲ?

ತುಮಕೂರಿನಲ್ಲಿ ಕೇಬಲ್‌ನವರು ಅತಿ ಹೆಚ್ಚು ಬೈಸಿಕೊಳ್ಳುವುದು ಈ ವಿಷಯಕ್ಕೆ. ಡಿಡಿ ಸ್ಪೋರ್ಟ್ಸ್ ಚಾನೆಲ್ ಕೇಬಲ್‌ನಲ್ಲಿ ಇರುತ್ತದೆ. ಪೇಪರಿನಲ್ಲಿ "ಡಿಡಿ ಸ್ಪೋರ್ಟ್ಸ್‌ನಲ್ಲಿ ನೇರ ಪ್ರಸಾರ" ಅಂತ ಬಂದಿರುತ್ತದೆ. ಹಾಕಿದರೆ ಅಲ್ಲಿ ಹಳೇ ಕುಸ್ತಿಯೋ ಚರ್ಚೆಯೋ ಬರುತ್ತಿರುತ್ತದೆ. ಪಕ್ಕದ ಬೀದಿಯಲ್ಲಿ ದೂರದರ್ಶನದ ಫ್ರೀ ಡಿಶ್ ಇರುವ ಮನೆಯಲ್ಲಿ ಮಾತ್ರ ಅದೇ ಚಾನೆಲಿನಲ್ಲಿ ಮ್ಯಾಚ್ ಓಡುತ್ತಿರುತ್ತದೆ. ಕೇಬಲ್‌ನವನು ಬೇಕಂತಲೇ ತೆಗೆದಿದ್ದಾನೆ ಅಂತ ಎಲ್ಲರಿಗೂ ಅನುಮಾನ. ಅವನ ಕೈಯಲ್ಲಿ ಏನೂ ಇಲ್ಲ.

2007ರಲ್ಲಿ ಸಂಸತ್ತು ಒಂದು ಕಾನೂನು ಮಾಡಿತು. ರಾಷ್ಟ್ರೀಯ ಮಹತ್ವದ ಪಂದ್ಯಗಳ ಹಕ್ಕನ್ನು ಯಾರೇ ಕೊಂಡಿರಲಿ, ಅವರು ತಮ್ಮ ಜಾಹೀರಾತು ತೆಗೆದು ನೇರ ಪ್ರಸಾರದ ಸಿಗ್ನಲನ್ನು ದೂರದರ್ಶನ ನಡೆಸುವ ಪ್ರಸಾರ ಭಾರತಿಗೆ ಕೊಡಲೇಬೇಕು. ಡಿಡಿ ಅದಕ್ಕೆ ತನ್ನ ಜಾಹೀರಾತು ಹಾಕಿಕೊಳ್ಳಬಹುದು, ಬಂದ ಆದಾಯದಲ್ಲಿ ಹಕ್ಕುದಾರನಿಗೆ ಕನಿಷ್ಠ 75 ಪಾಲು, ಪ್ರಸಾರ ಭಾರತಿಗೆ 25. ಭಾರತದ ಪುರುಷರ ತಂಡ ಆಡುವ ಏಕದಿನ, ಟಿ20 ಪಂದ್ಯಗಳು ಈ ಪಟ್ಟಿಯಲ್ಲಿವೆ. ಐಪಿಎಲ್ ಇಲ್ಲ, ಅಲ್ಲಿ ದೇಶದ ತಂಡ ಆಡುವುದೂ ಇಲ್ಲ. ಆರ್‌ಸಿಬಿ ಮ್ಯಾಚ್ ಡಿಡಿಯಲ್ಲಿ ಯಾಕೆ ಬರಲ್ಲ ಅಂತ ಕೇಳುವವರಿಗೆ ಉತ್ತರ ಇದೇ.

ಕಾನೂನಿನಲ್ಲಿ ಡಿಡಿ ಆ ಸಿಗ್ನಲನ್ನು ಎಲ್ಲಿ ತೋರಿಸಬಹುದು ಅಂತಲೂ ಬರೆದಿದೆ. ಒಂದು, ನೆಲದ ಮೇಲಿನ ಟವರ್ ಮೂಲಕ, ಅಂದರೆ ಮಹಡಿ ಮೇಲೆ ಆ್ಯಂಟೆನಾ ತಿರುಗಿಸಿ ಹಿಡಿಯುತ್ತಿದ್ದೆವಲ್ಲ, ಅದು. ಎರಡು, ತನ್ನದೇ ಡಿಟಿಎಚ್, ಅಂದರೆ ಫ್ರೀ ಡಿಶ್. ಆದರೆ ಕೇಬಲ್‌ನವರು ಡಿಡಿ ಚಾನೆಲುಗಳನ್ನು ತೋರಿಸಲೇಬೇಕು ಅಂತ ಬೇರೊಂದು ಕಾನೂನು ಇದ್ದಿದ್ದರಿಂದ ಮ್ಯಾಚ್ ಕೇಬಲ್‌ಗೂ ಬಿಟ್ಟಿಯಾಗಿ ಹರಿಯುತ್ತಿತ್ತು. ಕೋಟಿ ಕೋಟಿ ಕೊಟ್ಟು ಹಕ್ಕು ಕೊಂಡವರು ಇದನ್ನು ಪ್ರಶ್ನಿಸಿದರು. 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಹಂಚಿಕೊಂಡ ಸಿಗ್ನಲ್ ಟವರಿಗೆ ಮತ್ತು ಫ್ರೀ ಡಿಶ್‌ಗೆ ಮಾತ್ರ, ಕೇಬಲ್‌ಗೆ ಇಲ್ಲ.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಕಾನೂನು ಎರಡು ದಾರಿ ಕೊಟ್ಟಿತ್ತು. ಅದರಲ್ಲಿ ಟವರಿನ ದಾರಿ ಈಗ ಹೆಚ್ಚುಕಡಿಮೆ ಮುಚ್ಚಿಹೋಗಿದೆ, ದೂರದರ್ಶನವೇ ತನ್ನ ಹಳೇ ಟ್ರಾನ್ಸ್‌ಮಿಟರುಗಳಲ್ಲಿ ಬಹುಪಾಲನ್ನು ನಿಲ್ಲಿಸಿದೆ. ಉಳಿದದ್ದು ಫ್ರೀ ಡಿಶ್ ಒಂದೇ. ತಿಂಗಳ ಬಾಡಿಗೆ ಇಲ್ಲ, ಒಂದು ಸಲ ಡಿಶ್ಶು, ಬಾಕ್ಸು ಕೊಂಡರೆ ಮುಗಿಯಿತು. ಪಾವಗಡ, ಮಧುಗಿರಿ, ಶಿರಾ ಕಡೆಯ ಹಳ್ಳಿಗಳಲ್ಲಿ ಹೆಂಚಿನ ಮೇಲೆ ಇರುವ ಆ ಸಣ್ಣ ತಟ್ಟೆಯೇ ಇವತ್ತು "ಬಿಟ್ಟಿ ಕ್ರಿಕೆಟ್" ಅನ್ನುವ ಹಕ್ಕಿಗೆ ಉಳಿದಿರುವ ಕೊನೆಯ ಆಧಾರ.

ಒಂದು ಬಾಲಿಗೆ 49 ಲಕ್ಷ

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ, ಯಾಕೆಂದರೆ ಉಳಿದದ್ದೆಲ್ಲ ಇದರಿಂದ ಹುಟ್ಟಿದ್ದು.

2018ರಿಂದ 2022ರವರೆಗಿನ ಐಪಿಎಲ್ ಹಕ್ಕನ್ನು ಸ್ಟಾರ್ 16,347.5 ಕೋಟಿಗೆ ಕೊಂಡಿತ್ತು. ಮುಂದಿನ ಐದು ವರ್ಷಕ್ಕೆ, ಅಂದರೆ 2023ರಿಂದ 2027ಕ್ಕೆ, ಬಂದ ಮೊತ್ತ 48,390 ಕೋಟಿ. ಸುಮಾರು ಮೂರು ಪಟ್ಟು. ಒಟ್ಟು 410 ಮ್ಯಾಚ್ ಅಂತ ಲೆಕ್ಕ ಹಾಕಿ ಮಾರಿದ್ದರು. ಭಾಗಿಸಿದರೆ ಒಂದು ಮ್ಯಾಚಿಗೆ 118 ಕೋಟಿ. ಎರಡೂ ಕಡೆ 20 ಓವರ್ ಪೂರ್ತಿ ಆಡಿದರೆ 240 ಬಾಲು. ಒಂದೊಂದು ಬಾಲಿಗೆ 49 ಲಕ್ಷ ರೂಪಾಯಿ. ಬ್ಯಾಟ್ಸ್‌ಮನ್ ಸುಮ್ನೆ ಬಿಟ್ಟ ಬಾಲಿಗೂ ಅಷ್ಟೇ.

ಬಿಸಿಸಿಐ ಆ ಸಲ ಟಿವಿ ಬೇರೆ, ಮೊಬೈಲ್ ಬೇರೆ ಅಂತ ಕತ್ತರಿಸಿ ಹರಾಜು ಹಾಕಿತು. ಟಿವಿ ಹಕ್ಕು ಡಿಸ್ನಿ ಸ್ಟಾರ್ ಪಾಲಾಯಿತು, 23,575 ಕೋಟಿ. ಮೊಬೈಲ್ ಹಕ್ಕು ರಿಲಯನ್ಸ್ ಕಡೆಯ ವಯಾಕಾಮ್18 ಪಾಲಾಯಿತು, ಮುಖ್ಯ ಭಾಗಕ್ಕೇ 20,500 ಕೋಟಿ. ಇಬ್ಬರೂ ಒಂದೇ ಆಟವನ್ನು ಒಂದೇ ಹೊತ್ತಿಗೆ ಮಾರಲು ನಿಂತರು. ಒಬ್ಬರು ಬಿಟ್ಟಿ ಕೊಟ್ಟರೆ ಇನ್ನೊಬ್ಬರ ಅಂಗಡಿ ಖಾಲಿ. ಆಗಿದ್ದೂ ಹಾಗೇ. 2023ರಲ್ಲಿ ವಯಾಕಾಮ್18ರ ಆ್ಯಪ್ ಜಿಯೋಸಿನಿಮಾ ಐಪಿಎಲನ್ನು ಪೂರ್ತಿ ಬಿಟ್ಟಿಯಾಗಿ ತೋರಿಸಿತು. ಅದನ್ನು ನೋಡಿ ಡಿಸ್ನಿ ಸ್ಟಾರಿನ ಆ್ಯಪ್ ಹಾಟ್‌ಸ್ಟಾರ್ ಅದೇ ವರ್ಷದ ಏಷ್ಯಾ ಕಪ್ ಮತ್ತು ವಿಶ್ವಕಪ್ಪನ್ನು ಮೊಬೈಲಿನಲ್ಲಿ ಬಿಟ್ಟಿ ಮಾಡಿತು. ಅಹಮದಾಬಾದಿನಲ್ಲಿ ನಾವು ಸೋತ ಆ ಫೈನಲನ್ನು ಹಾಟ್‌ಸ್ಟಾರಿನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡಿದರು.

ಹಳೇ ಅಭಿಮಾನಿಗಳು ಫೋನಿನಲ್ಲಿ ಮ್ಯಾಚ್ ನೋಡಲು ಕಲಿತದ್ದೂ ಆ ವರ್ಷವೇ. ಮೊಮ್ಮಗನೋ ಪಕ್ಕದ ಮನೆ ಹುಡುಗನೋ ಆ್ಯಪ್ ಹಾಕಿಕೊಟ್ಟ, ದುಡ್ಡಿಲ್ಲ, ಚೆನ್ನಾಗಿದೆ. ಕೇಬಲ್ ಯಾಕೆ ಬೇಕು ಅಂತ ಎಷ್ಟೋ ಮನೆಯಲ್ಲಿ ಸ್ಪೋರ್ಟ್ಸ್ ಪ್ಯಾಕ್ ತೆಗೆಸಿದರು. ಆದರೆ ಆ ಬಿಟ್ಟಿ ಒಂದು ಪೈಪೋಟಿಯ ಫಲ. ಪೈಪೋಟಿ ಇರುವವರೆಗೆ ಮಾತ್ರ ಅದರ ಆಯಸ್ಸು.

ಇಬ್ಬರೂ ಒಂದಾದ ಮೇಲೆ

2024ರ ನವೆಂಬರ್‌ನಲ್ಲಿ ಆ ಇಬ್ಬರೂ ಸೇರಿ ಒಂದೇ ಕಂಪನಿಯಾದರು. ಅದೇ ಜಿಯೋಸ್ಟಾರ್. 2025ರ ಫೆಬ್ರುವರಿ 14ಕ್ಕೆ ಎರಡೂ ಆ್ಯಪ್ ಸೇರಿ ಜಿಯೋಹಾಟ್‌ಸ್ಟಾರ್ ಬಂತು. ಸ್ಪರ್ಧಾ ಆಯೋಗ ಈ ವಿಲೀನಕ್ಕೆ ಒಪ್ಪಿಗೆ ಕೊಡುವಾಗ ಕಂಪನಿಗಳು ಕೆಲವು ಭರವಸೆ ಕೊಟ್ಟಿದ್ದವು. ಟಿವಿ ಮತ್ತು ಆ್ಯಪಿನ ಕ್ರಿಕೆಟ್ ಜಾಹೀರಾತು ಜಾಗವನ್ನು ಒಟ್ಟಿಗೆ ಕಟ್ಟಿ ಮಾರುವುದಿಲ್ಲ ಅನ್ನುವುದು ಅದರಲ್ಲಿ ಮುಖ್ಯ. ಗಮನಿಸಿ, ಅದು ಜಾಹೀರಾತು ಕೊಡುವವರ ರಕ್ಷಣೆಗೆ. ನೋಡುವವರು ಎಷ್ಟು ಕಟ್ಟಬೇಕು ಅನ್ನುವುದು ಬೇರೆ ಮಾತು.

2025ರ ಐಪಿಎಲ್ ಹೊತ್ತಿಗೆ ಬಿಟ್ಟಿ ನಿಂತಿತು. ಆಗ ಮೊಬೈಲ್ ಚಂದಾ ಮೂರು ತಿಂಗಳಿಗೆ 149 ರೂಪಾಯಿ, ಇಲ್ಲವೇ ಜಿಯೋ ಸಿಮ್ಮಿಗೆ 299ರಿಂದ ಮೇಲಿನ ರೀಚಾರ್ಜ್ ಮಾಡಿದರೆ 90 ದಿನ ಅದರ ಜೊತೆಗೇ. 149 ದೊಡ್ಡ ಮೊತ್ತವಲ್ಲ ಅಂತ ಅನ್ನಿಸಬಹುದು. ಆದರೆ ಅದು ಒಂದು ಫೋನಿಗೆ. ಮನೆಯಲ್ಲಿ ನಾಲ್ಕು ಜನ ಟಿವಿ ಮುಂದೆ ಕೂತು ನೋಡಬೇಕು ಅಂದರೆ ಬೇರೆ ಪ್ಲಾನ್, ಬೇರೆ ರೇಟು. ಸೋನಿ ಬೇಕಾದರೆ ಮತ್ತೊಂದು. ಇದರ ಮೇಲೆ ಡೇಟಾ. ದಿನಕ್ಕೆ ಒಂದೂವರೆ ಜಿಬಿ ಪ್ಲಾನ್ ಹಾಕಿಸಿಕೊಂಡವರು ಚೆನ್ನಾಗಿ ಕಾಣುವಂತೆ ಇಟ್ಟುಕೊಂಡರೆ ಎರಡನೇ ಇನಿಂಗ್ಸಿನ ನಡುವೆ "ಡೇಟಾ ಖಾಲಿ" ಅಂತ ಮೆಸೇಜ್ ಬರುತ್ತದೆ.

ಟಿವಿ ಚಾನೆಲ್ಲಿನ ರೇಟಿಗೆ ಮಿತಿ ಹಾಕಲು ಸರ್ಕಾರದ ನಿಯಂತ್ರಣ ಸಂಸ್ಥೆ ಟ್ರಾಯ್ ಇದೆ. ಒಂದು ಚಾನೆಲ್ ಪ್ಯಾಕಿನೊಳಗೆ ಸೇರಬೇಕಾದರೆ ಅದರ ಬೆಲೆ ತಿಂಗಳಿಗೆ 19 ರೂಪಾಯಿ ದಾಟಬಾರದು ಅಂತ ಮಿತಿ ಇದೆ. ಆ್ಯಪ್ ರೇಟಿಗೆ ಅಂಥ ಯಾವ ಮಿತಿಯೂ ಇಲ್ಲ. 2007ರ ಕಾನೂನಿನಲ್ಲೂ ಆ್ಯಪ್ ಅನ್ನುವ ಪದ ಇಲ್ಲ, ಆಗ ಸ್ಮಾರ್ಟ್‌ಫೋನ್ ಯಾರ ಕೈಯಲ್ಲಿತ್ತು? 2018ರಲ್ಲಿ ಸರ್ಕಾರ ಈ ಕಾನೂನು ತಿದ್ದಲು ಕರಡು ತಂದು ಅಭಿಪ್ರಾಯ ಕೇಳಿತ್ತು. ಅದು ಕೇಬಲ್ ಮತ್ತು ಖಾಸಗಿ ಡಿಟಿಎಚ್‌ಗೂ ಡಿಡಿ ಸಿಗ್ನಲ್ ಕೊಡುವ ಬಗ್ಗೆ. ಇವತ್ತಿಗೂ ಕೇಬಲ್ ಮನೆಗಳಲ್ಲಿ ಮ್ಯಾಚ್ ಹೊತ್ತಿಗೆ ಡಿಡಿ ಬೇರೇನೋ ತೋರಿಸುತ್ತಿದೆ ಅಂದಮೇಲೆ ಆ ಕರಡಿನ ಗತಿ ಏನಾಯಿತು ಅಂತ ಬಿಡಿಸಿ ಹೇಳಬೇಕಿಲ್ಲ.

ಜೆರ್ಸಿ ಮೇಲಿನ ಹೆಸರು ಬದಲಾದದ್ದಕ್ಕೂ ಇದಕ್ಕೂ ಸಂಬಂಧ

ಹಾಗಾದರೆ ದುಡ್ಡು ಕಟ್ಟಿದ ಮೇಲೂ ನಷ್ಟ ಅನ್ನುವ ಮಾತು ಯಾಕೆ ಬಂತು? ಹಕ್ಕು ಕೊಳ್ಳುವಾಗ ಕಂಪನಿಗಳು ನಂಬಿದ್ದು ಜಾಹೀರಾತನ್ನು. ಕ್ರಿಕೆಟ್ ಹೊತ್ತಿಗೆ ಜಾಹೀರಾತು ಸುರಿಯುತ್ತಿದ್ದವರಲ್ಲಿ ನಿಜವಾದ ಆಟಗಾರರನ್ನು ಆರಿಸಿ ತಮ್ಮದೇ ಟೀಮ್ ಕಟ್ಟಿ, ದುಡ್ಡು ಕಟ್ಟಿ ಆಡುವ ಫ್ಯಾಂಟಸಿ ಆ್ಯಪ್‌ಗಳದ್ದು ದೊಡ್ಡ ಪಾಲು. ಡ್ರೀಮ್11 ಅಂತೂ 2020ರಲ್ಲಿ ಐಪಿಎಲ್ ಹೆಸರಿನ ಪ್ರಾಯೋಜಕ, ಆಮೇಲೆ ಭಾರತ ತಂಡದ ಎದೆಯ ಮೇಲಿನ ಹೆಸರು.

2025ರ ಆಗಸ್ಟ್ 22ಕ್ಕೆ ರಾಷ್ಟ್ರಪತಿ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾನೂನು ಇದನ್ನೆಲ್ಲ ಒಂದೇ ವಾರದಲ್ಲಿ ನಿಲ್ಲಿಸಿತು. ಹಣ ಕಟ್ಟಿ ಆಡುವ ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಅದರ ಜಾಹೀರಾತು ಹಾಕಿದರೆ ಎರಡು ವರ್ಷ, 50 ಲಕ್ಷದವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ಕಂಪನಿಗಳು ಕೋರ್ಟಿಗೂ ಹೋದವು. ಡ್ರೀಮ್11 ಜೆರ್ಸಿಯಿಂದ ಹೋಯಿತು, ಅಪೊಲೊ ಟೈರ್ಸ್ 579 ಕೋಟಿಗೆ ಬಂತು.

ಜೆರ್ಸಿಗೆ ಬೇರೆ ಹೆಸರು ಸಿಕ್ಕಿತು, ಆದರೆ ಓವರ್ ಓವರ್ ನಡುವೆ ಬರುತ್ತಿದ್ದ ಜಾಹೀರಾತಿಗೆ ಅಷ್ಟು ಸುಲಭಕ್ಕೆ ಬದಲಿ ಸಿಗಲಿಲ್ಲ. ಕೊಟ್ಟ ಹಕ್ಕಿನ ದುಡ್ಡು ಕಡಿಮೆಯಾಗುವುದಿಲ್ಲ, ಬರುವ ದುಡ್ಡು ಕಡಿಮೆಯಾಯಿತು. ಆ ಕೊರತೆ ತುಂಬಲು ಉಳಿದ ದಾರಿ ನೋಡುಗರ ಜೇಬು. ಈ ಕಾನೂನು ಬೇಡ ಅಂತ ನಾನು ಹೇಳುವುದಿಲ್ಲ. ಐವತ್ತು ರೂಪಾಯಿ ಟೀಮಿನಿಂದ ಶುರುವಾಗಿ ಸಾಲದಲ್ಲಿ ಮುಳುಗಿದ ಹುಡುಗರ ಮನೆಗಳ ಕಷ್ಟ ಸಣ್ಣದಲ್ಲ. ಇಷ್ಟು ದಿನ ನಮಗೆ ಅಗ್ಗಕ್ಕೆ ಸಿಗುತ್ತಿದ್ದ ಕ್ರಿಕೆಟ್ಟಿನ ಒಂದು ಪಾಲನ್ನು ಆ ಹುಡುಗರೇ ಕಟ್ಟುತ್ತಿದ್ದರು ಅನ್ನುವುದನ್ನು ಮರೆಯಬಾರದು.

ಯಾರು ಮೊದಲು ಕೂಗುತ್ತಾರೆ

ಈಗ ಮತ್ತೆ ಟೀ ಅಂಗಡಿಗೆ ಬರೋಣ. ಗೋಡೆ ಮೇಲೆ ಟಿವಿ ಇದೆ, ಅದಕ್ಕೆ ಕೇಬಲ್. ಬೆಂಚಿನ ಮೇಲೆ ಆಟೋದವರೊಬ್ಬರು ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ನೋಡುತ್ತಿದ್ದಾರೆ. ಕೊನೆಯ ಓವರ್, ನಾಲ್ಕು ಬಾಲಿಗೆ ಹತ್ತು ರನ್. ಟಿವಿ ಕಡೆಯಿಂದ "ಹೋಯ್ತು, ಸಿಕ್ಸು!" ಅಂತ ಕೂಗು. ಫೋನಿನಲ್ಲಿ ಬೌಲರ್ ಇನ್ನೂ ಫೀಲ್ಡಿಂಗ್ ಬದಲಾಯಿಸುತ್ತಿದ್ದಾನೆ. ಆಟೋದವರು ಒಂದು ಕ್ಷಣ ಪರದೆ ನೋಡಿ, ಫೋನ್ ಮಗುಚಿ ಇಟ್ಟು, ಎದ್ದು ಟಿವಿ ಕಡೆ ಹೋಗಿ ನಿಲ್ಲುತ್ತಾರೆ.

ಕಾರಣ ನೆಟ್‌ವರ್ಕ್ ಒಂದೇ ಅಲ್ಲ. ಟಿವಿಗೆ ಚಿತ್ರ ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ಹೋಗಿ ಬಂದರೂ ಕೆಲವೇ ಸೆಕೆಂಡಿನಲ್ಲಿ ತಲುಪುತ್ತದೆ, ಎಲ್ಲ ಮನೆಗೂ ಒಂದೇ ಸಿಗ್ನಲ್. ಆ್ಯಪ್ ಹಾಗಲ್ಲ. ಚಿತ್ರವನ್ನು ಕೆಲವು ಸೆಕೆಂಡಿನ ತುಂಡುಗಳಾಗಿ ಕತ್ತರಿಸುತ್ತಾರೆ. ಒಂದೊಂದು ತುಂಡನ್ನೂ ನೆಟ್ ಚೆನ್ನಾಗಿರುವವರಿಗೆ, ಇಲ್ಲದವರಿಗೆ ಅಂತ ಬೇರೆ ಬೇರೆ ಗುಣಮಟ್ಟದಲ್ಲಿ ತಯಾರು ಮಾಡುತ್ತಾರೆ. ಅವನ್ನು ಊರೂರಿನ ಸರ್ವರುಗಳಿಗೆ ಕಳಿಸುತ್ತಾರೆ. ನಮ್ಮ ಫೋನು ಅಂಥ ಎರಡು ಮೂರು ತುಂಡು ಕೂಡಿಹಾಕಿಕೊಂಡ ಮೇಲೆಯೇ ತೋರಿಸಲು ಶುರು ಮಾಡುತ್ತದೆ, ನಡುವೆ ನಿಲ್ಲಬಾರದು ಅಂತ. ಇಷ್ಟೆಲ್ಲ ಆಗುವಷ್ಟರಲ್ಲಿ ಟಿವಿಗಿಂತ ಇಪ್ಪತ್ತು, ಮೂವತ್ತು ಸೆಕೆಂಡ್ ಹಿಂದೆ ಬೀಳುವುದು ಮಾಮೂಲು. ಒಂದೇ ಬೆಂಚಿನ ಎರಡು ಫೋನಿನಲ್ಲೂ ಒಂದೇ ಬಾಲು ಇರುವುದಿಲ್ಲ.

ಅರ್ಧ ನಿಮಿಷ ತಾನೇ ಅನ್ನಬಹುದು. ಆದರೆ ಒಟ್ಟಿಗೆ ನೋಡುವುದು ಅಂದರೆ ಒಟ್ಟಿಗೆ ಉಸಿರು ಹಿಡಿಯುವುದು ಅಲ್ವಾ?

ಓವರ್ ಮಧ್ಯದ ಮಾತು

ಹಳೇ ಅಭಿಮಾನಿಗಳು ಮ್ಯಾಚ್ ನೋಡುವಾಗ ಬರೀ ಮ್ಯಾಚ್ ಮಾತಾಡುವುದಿಲ್ಲ. ಓವರ್ ಮುಗಿದು ಜಾಹೀರಾತು ಬಂದ ಕೂಡಲೇ ಮಾತು ಬೇರೆ ಕಡೆ ತಿರುಗುತ್ತದೆ. ತಿಪಟೂರಲ್ಲಿ ಕೊಬ್ಬರಿ ಎಷ್ಟಕ್ಕೆ ಹೋಯ್ತು, ಹೇಮಾವತಿ ನೀರು ಬಂತಾ, ಮಗಳ ಪಿಯುಸಿ ಮಾರ್ಕ್ಸ್, ಯಾರಿಗೋ ಸ್ಟೆಂಟ್ ಹಾಕಿದ್ದು, ನಿನ್ನೆ ನೋಡಿದ ಸಿನಿಮಾ. ಬೌಲರ್ ರನ್ನಪ್ ಶುರು ಮಾಡಿದರೆ ಅರ್ಧಕ್ಕೇ ನಿಲ್ಲುತ್ತದೆ, ಬಾಲು ಮುಗಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಮೂವತ್ತು ವರ್ಷದ ಗೆಳೆತನಗಳು ಹೀಗೆ ಆರಾರು ಬಾಲಿನ ನಡುವೆ ಬೆಳೆದಿವೆ. ಎದುರು ಬದುರು ಕೂತು "ಹೇಗಿದ್ದೀಯಾ" ಅಂತ ಕೇಳಲು ಸಂಕೋಚ ಪಡುವ ಗಂಡಸರು ಟಿವಿ ಕಡೆ ಮುಖ ಮಾಡಿಕೊಂಡು ಮನೆ ಕಷ್ಟ ಹೇಳಿಕೊಳ್ಳುತ್ತಾರೆ.

ಟಿವಿಯ ಜಾಹೀರಾತು ಎಲ್ಲರಿಗೂ ಒಂದೇ ಸಲ ಸಿಗುವ ಬಿಡುವು. ಫೋನಿನಲ್ಲಿ ಆ ಬಿಡುವು ಬಂದಾಗ ಬೆರಳು ತಾನಾಗಿ ರೀಲ್ಸ್ ಕಡೆ ಹೋಗುತ್ತದೆ. ಒಬ್ಬ ಮಾತಿಗೆ ತಲೆ ಎತ್ತಿದಾಗ ಇನ್ನೊಬ್ಬನ ಫೋನಿನಲ್ಲಿ ಬಾಲು ಬೀಳುತ್ತಿರುತ್ತದೆ.

ಆದರೆ ಇದಕ್ಕೆ ಇನ್ನೊಂದು ಮುಖವಿದೆ, ಅದನ್ನು ಹೇಳದಿದ್ದರೆ ಅನ್ಯಾಯ. ಆ ಟೀ ಅಂಗಡಿಯ ಬೆಂಚಿನ ಮೇಲೆ ಹೆಂಗಸರಿಗೆ ಯಾವತ್ತೂ ಜಾಗ ಇರಲಿಲ್ಲ. ಮನೆಯ ಟಿವಿಯಲ್ಲೂ ರಿಮೋಟ್ ಅವರ ಕೈಯಲ್ಲಿರಲಿಲ್ಲ, ಕೈಗೆ ಬಂದಾಗ ಧಾರಾವಾಹಿ ಹೊತ್ತು. ಅಡುಗೆ ಮನೆ ಕಟ್ಟೆ ಮೇಲೆ ಫೋನ್ ನಿಲ್ಲಿಸಿಕೊಂಡು, ಒಗ್ಗರಣೆ ಹಾಕುತ್ತಾ ಸ್ಮೃತಿ ಮಂಧಾನ ಆಟ ನೋಡುವ ಹೆಂಗಸಿಗೆ ಆ ಸಣ್ಣ ಪರದೆ ದೊಡ್ಡ ಬಿಡುಗಡೆ. 2025ರ ನವೆಂಬರ್ 2ರ ರಾತ್ರಿ ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ವಿಶ್ವಕಪ್ ಗೆದ್ದಾಗ ಎಷ್ಟೋ ಮನೆಗಳಲ್ಲಿ ಅದನ್ನು ಮೊದಲ ಬಾಲಿನಿಂದ ನೋಡಿದ್ದು ಫೋನಿನಲ್ಲೇ. ವಸಂತನರಸಾಪುರದ ಫ್ಯಾಕ್ಟರಿಗಳಲ್ಲಿ ಸೆಕೆಂಡ್ ಶಿಫ್ಟ್ ಮಾಡುವವರಿಗೂ ಊಟದ ಬಿಡುವಿನಲ್ಲಿ ನಾಲ್ಕು ಓವರ್ ಸಿಗುವುದು ಫೋನಿನಿಂದಲೇ.

ಹಾಗಾಗಿ ನನ್ನ ತಕರಾರು ಫೋನಿನ ಮೇಲಲ್ಲ. ಫೋನೂ ಇರಲಿ, ಬೆಂಚಿನ ಮುಂದಿನ ಟಿವಿಯೂ ಇರಲಿ. ಆದರೆ ಬೆಂಚಿಗೆ ಈಗ ಕಾನೂನಿನ ದಾರಿಯೇ ಕಿರಿದಾಗುತ್ತಿದೆ. ಆ್ಯಪ್ ಚಂದಾ ವೈಯಕ್ತಿಕ ಬಳಕೆಗೆ ಮಾತ್ರ ಅಂತ ಷರತ್ತಿರುತ್ತದೆ. ಅಂಗಡಿಯವರು ತಮ್ಮ ಚಂದಾವನ್ನು ದೊಡ್ಡ ಟಿವಿಗೆ ಹಾಕಿ ಹತ್ತು ಜನಕ್ಕೆ ತೋರಿಸಿದರೆ ಅದು ಆ ಷರತ್ತಿಗೆ ವಿರುದ್ಧ. ಎಂಟು ರೂಪಾಯಿ ಟೀ ಮಾರುವವರು ವಾಣಿಜ್ಯ ಪ್ಲಾನ್ ಎಲ್ಲಿಂದ ತರುತ್ತಾರೆ?

ಯಾರು ಏನು ಹೇಳುತ್ತಾರೆ

ಬಿಸಿಸಿಐ ಕಡೆಯ ವಾದ ಸುಲಭದ್ದು. ಹಕ್ಕಿನ ದುಡ್ಡಿನಿಂದಲೇ ರಣಜಿ ಆಟಗಾರರ ಮ್ಯಾಚ್ ಫೀಸು, ಹಳೇ ಆಟಗಾರರ ಪಿಂಚಣಿ, ರಾಜ್ಯ ಸಂಸ್ಥೆಗಳ ಮೈದಾನ ನಡೆಯುತ್ತದೆ. ಇದರಲ್ಲಿ ಸತ್ಯ ಇದೆ. ತುಮಕೂರಿಗೇ ಸೋರೆಕುಂಟೆ ಹತ್ತಿರ ಕ್ರಿಕೆಟ್ ಸ್ಟೇಡಿಯಂ ಕಟ್ಟಲು 2024ರ ಡಿಸೆಂಬರ್‌ನಲ್ಲಿ ಮುಖ್ಯಮಂತ್ರಿ ಶಂಕುಸ್ಥಾಪನೆ ಮಾಡಿದ್ದಾರೆ. ಇಂಥ ಕೆಲಸಗಳಿಗೆ ಕ್ರಿಕೆಟ್ ಸಂಸ್ಥೆಗಳ ಹತ್ತಿರ ದುಡ್ಡು ಇರುವುದು ಪ್ರಸಾರ ಹಕ್ಕಿನಿಂದ.

ಪ್ರಸಾರದವರು ಹೇಳುವುದು: ಬಿಟ್ಟಿ ತೋರಿಸಿ ಬದುಕಲಾಗದು, ಸಿನಿಮಾಕ್ಕೆ ಟಿಕೆಟ್ ತಗೊಳ್ಳುತ್ತೀರಿ ತಾನೇ. ಕೇಬಲ್‌ನವರ ಅಳಲು ಬೇರೆ. ಡಿಡಿ ಮ್ಯಾಚ್ ನಮಗೆ ಕೊಡಲ್ಲ, ಸ್ಪೋರ್ಟ್ಸ್ ಚಾನೆಲ್ಲಿನ ದುಡ್ಡು ನಾವು ವಸೂಲಿ ಮಾಡಬೇಕು, ಗಿರಾಕಿ ಆ್ಯಪಿಗೆ ಹೋಗುತ್ತಾನೆ.

ಸ್ಟೇಡಿಯಮ್ಮಿಗೇ ಹೋಗಿ ನೋಡೋಣ ಅಂದರೆ ಅದೂ ದೂರವಾಗಿದೆ. ತುಮಕೂರಿನಿಂದ ಬೆಂಗಳೂರು ಎಪ್ಪತ್ತು ಕಿಲೋಮೀಟರ್, ರೈಲಿದೆ. ಆದರೆ 2025ರ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್ ಮೇಲಿನ ಜಿಎಸ್‌ಟಿ 28ರಿಂದ 40ಕ್ಕೆ ಏರಿದೆ. ಸಾವಿರ ರೂಪಾಯಿ ಟಿಕೆಟ್ 1,280 ಇದ್ದದ್ದು 1,400 ಆಯಿತು. ಅದೇ ದಿನದಿಂದ 32 ಇಂಚಿಗಿಂತ ದೊಡ್ಡ ಟಿವಿಯ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಮನೆಯಲ್ಲೇ ಕೂತು ನೋಡಿ ಅಂತ ತೆರಿಗೆಯೇ ಹೇಳಿದಂತಿದೆ. ಇದೆಲ್ಲಕ್ಕಿಂತ ಭಾರವಾದದ್ದು 2025ರ ಜೂನ್ 4. ಹದಿನೆಂಟು ವರ್ಷ ಕಾದು ಆರ್‌ಸಿಬಿಗೆ ಬಂದ ಕಪ್ ನೋಡಲು ಹೋದವರಲ್ಲಿ 11 ಜನ ಚಿನ್ನಸ್ವಾಮಿ ಗೇಟಿನ ಹೊರಗೆ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಆಮೇಲೆ ಎಷ್ಟೋ ಮನೆಗಳಲ್ಲಿ "ಮ್ಯಾಚಿಗೆ ಹೋಗ್ತೀನಿ" ಅನ್ನುವ ಮಾತಿಗೆ ತಾಯಂದಿರು ಬೇಡ ಅನ್ನುತ್ತಾರೆ. ಅವರನ್ನು ತಪ್ಪು ಅನ್ನುವುದು ಹೇಗೆ?

ಮುಂದೆ ಏನಾಗಬಹುದು

ಐಪಿಎಲ್ ಹಕ್ಕು 2027ಕ್ಕೆ ಮುಗಿಯುತ್ತದೆ. ಐಸಿಸಿ ಟೂರ್ನಿಗಳದ್ದೂ 2027ಕ್ಕೆ. 88 ಮ್ಯಾಚಿಗೆ 5,963 ಕೋಟಿ ಕೊಟ್ಟು ಕೊಂಡ ಭಾರತದ ತವರಿನ ಪಂದ್ಯಗಳದ್ದು 2028ರ ಮಾರ್ಚ್‌ಗೆ. ಮೂರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮತ್ತೆ ಸಂತೆಗೆ ಬರುತ್ತವೆ. ಕಳೆದ ಸಲ ಕೊಳ್ಳಲು ಪೈಪೋಟಿಗೆ ಬಿದ್ದ ಇಬ್ಬರು ಈಗ ಒಂದೇ ಕಂಪನಿ. ಸಂತೆಯಲ್ಲಿ ಕೊಳ್ಳುವವರು ಕಡಿಮೆ ಇದ್ದರೆ ರೇಟು ಬೀಳುತ್ತದೆ. ಹಾಗಾದರೆ ಚಂದಾ ಏರುವ ಒತ್ತಡ ಕಡಿಮೆಯಾಗಬಹುದು. ರೇಟು ಬೀಳಬಾರದು ಅಂತ ಬಿಸಿಸಿಐ ವಿದೇಶಿ ಆ್ಯಪ್‌ಗಳನ್ನು ಕರೆದರೆ, ಹಕ್ಕನ್ನು ಇನ್ನೂ ಸಣ್ಣ ತುಂಡು ಮಾಡಿ ಮಾರಿದರೆ, ನಮ್ಮ ಫೋನಿನಲ್ಲಿ ಇನ್ನೊಂದು ಆ್ಯಪ್, ಇನ್ನೊಂದು ಪಾಸ್‌ವರ್ಡ್, ಇನ್ನೊಂದು ಚಂದಾ.

ಈ ಎರಡರಲ್ಲಿ ಯಾವುದೇ ಆಗಲಿ, ಫ್ರೀ ಡಿಶ್‌ನ ಪಾಲು ಕಾನೂನಿನಲ್ಲಿ ಇರುವವರೆಗೆ ಹಳ್ಳಿ ಮನೆಗಳಿಗೆ ಭಾರತದ ಏಕದಿನ, ಟಿ20 ತಪ್ಪುವುದಿಲ್ಲ. ತಪ್ಪುವ ಅಪಾಯ ಇರುವುದು ಪೇಟೆಯ ಕೇಬಲ್ ಮನೆಗಳಿಗೆ ಮತ್ತು ಟೀ ಅಂಗಡಿಗಳಿಗೆ. ಅದಕ್ಕೇ ತುಮಕೂರಿನಂಥ ಊರಿನಲ್ಲೂ ಅಂಗಡಿಯವರು ಕೇಬಲ್ ಜೊತೆಗೆ ಒಂದು ಫ್ರೀ ಡಿಶ್ ಹಾಕಿಸಿಕೊಂಡರೆ ಭಾರತದ ಮ್ಯಾಚಿನ ಮಟ್ಟಿಗೆ ತಲೆನೋವು ಕಡಿಮೆ.

ಮುಂದಿನ ಟೆಂಡರ್ ಬಂದಾಗ ಮೊತ್ತದ ದೊಡ್ಡ ಅಂಕಿಯ ಸುದ್ದಿ ಎಲ್ಲ ಕಡೆ ಬರುತ್ತದೆ. ಅದಕ್ಕಿಂತ ಮೊದಲು ನೋಡಬೇಕಾದದ್ದು ಟಿವಿ ಮತ್ತು ಆ್ಯಪ್ ಹಕ್ಕನ್ನು ಬೇರೆ ಬೇರೆ ಮಾರುತ್ತಿದ್ದಾರೋ ಒಟ್ಟಿಗೆ ಮಾರುತ್ತಿದ್ದಾರೋ ಅನ್ನುವುದು. ಬೇರೆ ಬೇರೆ ಮಾರಿ, ಇಬ್ಬರು ಕೊಂಡರೆ, 2023ರ ಹಾಗೆ ಮತ್ತೊಮ್ಮೆ ಬಿಟ್ಟಿಯ ಪೈಪೋಟಿ ನಡೆಯುವ ಸಾಧ್ಯತೆ ಇದೆ. ಒಟ್ಟಿಗೆ ಮಾರಿ, ಒಬ್ಬರೇ ಕೊಂಡರೆ, ಗೋಡೆ ಮೇಲಿನ ಟಿವಿಗೂ ಜಗ್ಗಿಗೆ ಒರಗಿದ ಫೋನಿಗೂ ರೇಟು ಕಟ್ಟುವ ಕೈ ಒಂದೇ ಆಗಿರುತ್ತದೆ.